ಅಪ್‌ಡೇಟ್: ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ನೋಡಿಕೊಂಡು ಬಂದೆ

ಸಕಲೇಶಪುರದ ತೋಟಕ್ಕೆ ಹಳೆ ಮಾರುತಿ ಜಿಪ್ಸಿ ಕೊಳ್ಳುವ ಮುಂಚೆ ಅದರ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಸವೆದಿದೆಯಾ ಅಂತ ಹೇಗೆ ತಿಳಿಯೋದು ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದಂತೆ ಮೊದಲು ಕೆಳಗೆ ಮಲಗಿ ನೋಡಿದೆ. ಮುಂದಿನ ಶಾಫ್ಟ್ ಹೊರಬರುವ ಕಡೆ ಸೀಲ್ ಸುತ್ತ ಎಣ್ಣೆ ಮಣ್ಣು ಹಿಡಿದಿತ್ತು. ಅದು ದೊಡ್ಡ ವಿಷಯವಲ್ಲ, ಸೀಲ್ ಬದಲಿಸಬಹುದು. ಎಣ್ಣೆ ಇಳಿಸುವ ಡ್ರೈನ್ ಬೋಲ್ಟ್ ಬಿಚ್ಚಿಸಿದಾಗ ಮಾತ್ರ ಎದೆ ಧಸಕ್ ಅಂತು. ಎಣ್ಣೆಯಲ್ಲಿ ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ಚಿಂತೆಯಿಲ್ಲ, ಅದು ಮಾಮೂಲಿ ಸವೆತ. ಇಲ್ಲಿ ಬೆರಳಿಗೆ ಚುಚ್ಚುವಂಥ ಕಬ್ಬಿಣದ ಚೂರು ಸಿಕ್ಕಿತು.

ಆಮೇಲೆ ಮಣ್ಣಿನ ಇಳಿಜಾರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್) ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಎಂಜಿನ್ ಬ್ರೇಕಿಂಗ್ ಹಿಡಿದ ಕೂಡಲೇ, ಅಂದರೆ ಎಂಜಿನ್ನೇ ಗಾಡಿಯ ವೇಗ ತಡೆಯತೊಡಗಿದ ಕೂಡಲೇ, ಟ್ರಾನ್ಸ್‌ಫರ್ ಕೇಸ್ ಲಿವರ್ ಟಕ್ ಅಂತ ನ್ಯೂಟ್ರಲ್‌ಗೆ ಜಿಗಿಯಿತು, ಎಂಜಿನ್ ಹಿಡಿತ ತಪ್ಪಿತು. ಹತ್ತುವಾಗ ಏನೂ ಆಗಿರಲಿಲ್ಲ! ಅದಕ್ಕೇ ಏರು ಮಾತ್ರ ನೋಡಿದರೆ ಸಾಲದು, ಇಳಿಜಾರೂ ನೋಡಲೇಬೇಕು. ಮಳೆಗಾಲದಲ್ಲಿ ಕಾಫಿ ಮೂಟೆ ಹೇರಿಕೊಂಡು ಇಳಿಯುವಾಗ ಹೀಗಾದರೆ ಜೀವಕ್ಕೇ ಅಪಾಯ ಅಲ್ವಾ?

ಮಾಲೀಕರು ಬೆಲೆ ಇಳಿಸುತ್ತೇನೆ ಅಂದರು. ಕೇಸ್ ಬಿಚ್ಚಿ ಗೇರ್, ಬೇರಿಂಗ್, ಶಿಫ್ಟ್ ಫೋರ್ಕ್ (ಗೇರ್ ಸರಿಸುವ ಕವಲು) ಎಲ್ಲ ತೋರಿಸಿ, ಆಮೇಲೆ ರೇಟ್ ಮಾತಾಡೋಣ ಎಂದು ಹೇಳಿ ಬಂದಿದ್ದೇನೆ. ಅಡ್ವಾನ್ಸ್ ಕೊಟ್ಟಿಲ್ಲ.