ನರ, ಸ್ನಾಯು, ರಜ್ಜು: ಹಿಮ್ಮಡಿಯ ಮೇಲಿರುವುದು ಯಾವುದು?

ಬಳಗದವರಿಗೆ ನಮಸ್ಕಾರ. ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು ನಾನು. ಕೇಳಬೇಕಾದ್ದು 'ನರ', 'ಸ್ನಾಯು' ಎಂಬ ಎರಡು ಪದಗಳ ಬಗ್ಗೆ.

ಒಂಬತ್ತನೇ ತರಗತಿಯ ಪಾಠದಲ್ಲಿ ಪ್ರಾಣಿಗಳ ಅಂಗಾಂಶ ನಾಲ್ಕು ಬಗೆ: ಅನುಲೇಪಕ, ಸಂಯೋಜಕ, ಸ್ನಾಯು, ನರ. ಮಕ್ಕಳು ಒಂದೇ ಪೀರಿಯಡ್‌ನಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ತೊಡಕು ಬರುವುದು ಮನೆಯಲ್ಲಿ ಕೇಳಿದ ಮಾತನ್ನು ಅವರು ತರಗತಿಗೆ ತಂದಾಗ. ಡ್ರಿಪ್ ಹಾಕುವ ಸಿಸ್ಟರ್ "ನರ ಸಿಗ್ತಾ ಇಲ್ಲ, ಮುಷ್ಟಿ ಬಿಗಿ ಮಾಡಿ" ಅನ್ನುತ್ತಾರೆ. ಅಡಿಕೆ ಕೊನೆ ತೆಗೆಯುವಾಗ ಜಾರಿ ಕಾಲು ತಿರುಚಿಕೊಂಡವನನ್ನು ನೋಡಿ "ನರ ಹರಿದಿದೆ" ಅನ್ನುತ್ತಾರೆ. ಸೊಂಟದಿಂದ ಪಾದದವರೆಗೆ ಜುಮುಗುಡುತ್ತದೆ ಎನ್ನುವ ಅಜ್ಜನಿಗೆ "ನರ ಹಿಡ್ಕಂಡಿದೆ". ಪದ ಒಂದೇ, ಒಳಗಿರುವ ವಸ್ತು ಮೂರು.

ಸಿಸ್ಟರ್ ಹುಡುಕುತ್ತಿರುವುದು ಅಭಿಧಮನಿ. ಅದು ಹೃದಯದ ಕಡೆಗೆ ರಕ್ತ ಒಯ್ಯುವ ಕೊಳವೆ. ಒಳಮೈಗೆ ಚಪ್ಪಟೆ ಕೋಶಗಳ ಒಂದೇ ಪದರದ ಹಾಸು, ಅದರ ಸುತ್ತ ಅನೈಚ್ಛಿಕ ಸ್ನಾಯು, ಹೊರಗೆ ಸಂಯೋಜಕ ಅಂಗಾಂಶದ ಹೊದಿಕೆ. ಅಜ್ಜನದು ಮಾತ್ರ ಪುಸ್ತಕದಲ್ಲಿ ಹೇಳುವ ನರವೇ. ಬೆನ್ನುಹುರಿಯಲ್ಲೋ ಅದರ ಪಕ್ಕದಲ್ಲೋ ಇರುವ ಕೋಶದಿಂದ ಹೊರಟ ತಂತು ಪಾದದವರೆಗೂ ಇಳಿಯುತ್ತದೆ, ಸುಮಾರು ಒಂದು ಮೀಟರ್ ಉದ್ದ. ಕಣ್ಣಿಗೆ ಕಾಣದ ಒಂದೇ ಕೋಶಕ್ಕೆ ಅಷ್ಟುದ್ದದ ಬಾಲ! ಇಂಥ ಸಾವಿರಾರು ತಂತುಗಳು ಸೇರಿದ ಕಟ್ಟಿಗೆ ಸಂದೇಶ ಸಾಗಿಸುವುದು ಕೆಲಸ, ಭಾರ ಎಳೆಯುವುದಲ್ಲ.

ಇನ್ನು ಕೊನೆ ತೆಗೆಯುವವನ ಕಾಲು. ಅಲ್ಲಿ ಹರಿದದ್ದು ಮೂಳೆಯನ್ನು ಮೂಳೆಗೆ ಬಿಗಿದ ಪಟ್ಟಿಯಾದರೆ ಅದು ಅಸ್ಥಿರಜ್ಜು (ಲಿಗಮೆಂಟ್). ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಸೇರಿಸುವ ದಪ್ಪ ಹುರಿಯಾದರೆ ಸ್ನಾಯುರಜ್ಜು (ಟೆಂಡನ್). ಎರಡೂ ಸೇರುವುದು ಸಂಯೋಜಕ ಅಂಗಾಂಶದ ಗುಂಪಿಗೆ, ರಕ್ತವೂ ಮೂಳೆಯೂ ಇರುವ ಗುಂಪಿಗೇ. ಕೇಳಿದಾಗ ಮಕ್ಕಳು ನಂಬುವುದಿಲ್ಲ. ಆದರೆ ಈ ಗುಂಪಿನ ಲಕ್ಷಣ ಇರುವುದು ಕೋಶದಲ್ಲಿ ಅಲ್ಲ, ಕೋಶಗಳ ನಡುವೆ ತುಂಬಿಕೊಂಡ ಮಾತೃಕೆಯಲ್ಲಿ. ಮಾತೃಕೆ ದ್ರವವಾದರೆ ರಕ್ತ, ಕ್ಯಾಲ್ಸಿಯಂ ಮತ್ತು ರಂಜಕದ ಲವಣ ಸೇರಿ ಗಟ್ಟಿಯಾದರೆ ಮೂಳೆ, ಕೊಲಾಜೆನ್ ಎಳೆಗಳು ಒಂದೇ ದಿಕ್ಕಿಗೆ ಒತ್ತಾಗಿ ಮಲಗಿದರೆ ಈ ರಜ್ಜು. ರಜ್ಜುವಿನಲ್ಲಿ ಕೋಶ ವಿರಳ, ರಕ್ತನಾಳವೂ ವಿರಳ. ಮಾಂಸಖಂಡದ ಸಣ್ಣ ಗಾಯ ಬೇಗ ಮಾಯ್ದರೂ ಹರಿದ ರಜ್ಜು ತಿಂಗಳುಗಟ್ಟಲೆ ಕಾಡುವುದಕ್ಕೆ ಇದೂ ಒಂದು ಕಾರಣ. "ನರ ಹೋಯ್ತು" ಅಂದಾಗ ಮನೆಯವರು ಲಕ್ವಾ ಹೊಡೆದಷ್ಟು ಗಾಬರಿಯಾಗುವುದನ್ನು ನೋಡಿದ್ದೇನೆ. ಹೋದದ್ದು ರಜ್ಜು ಎಂದು ಬಿಡಿಸಿ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಹಾಗೆಂದು ಜನರ ಬಳಕೆಯೇ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ನಮ್ಮ 'ನರ'ಕ್ಕೂ ಮನುಷ್ಯ ಎಂಬ ಅರ್ಥದ ಸಂಸ್ಕೃತದ 'ನರ'ಕ್ಕೂ ನಂಟಿಲ್ಲ. ಇದು ದ್ರಾವಿಡ ಪದ. ತಮಿಳಿನ 'ನರಂಬು' ಇದರ ದಾಯಾದಿ. ಹಳೆಯ ತಮಿಳಿನಲ್ಲಿ ನರಂಬು ಎಂದರೆ ಯಾಳ್ ಎಂಬ ವಾದ್ಯದ ತಂತಿಯೂ ಹೌದು. ಅಂದರೆ ಎಳೆದು ಬಿಗಿಯಬಹುದಾದ ಹುರಿ ಎಂಬ ಅರ್ಥ ಹೊಸದೇನಲ್ಲ. ಗ್ರೀಕರಲ್ಲೂ ಹೀಗೇ ಆಗಿದೆ: 'ನ್ಯೂರಾನ್' ಎಂದರೆ ಮೊದಲು ಬಿಲ್ಲಿನ ಹೆದೆ, ಮಾಂಸದ ಹುರಿ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವೈದ್ಯ ಹೆರೊಫಿಲಸ್ ಶವಗಳನ್ನು ಕೊಯ್ದು ನೋಡಿ ಸಂವೇದನೆ ಒಯ್ಯುವ ನರಗಳನ್ನು ಗುರುತಿಸಿದ ಮೇಲೂ ಹಳೆಯ ಹೆಸರೇ ಉಳಿಯಿತು, ಅರ್ಥ ಸರಿಯಿತು. ನಮ್ಮ ಪಠ್ಯಪುಸ್ತಕಗಳು ಕೊಟ್ಟಿರುವುದು ಆ ಸರಿದ ಅರ್ಥವನ್ನು. ನಮ್ಮೂರಿನವರು ಎರಡನ್ನೂ ಇಟ್ಟುಕೊಂಡಿದ್ದಾರೆ, ಜೊತೆಗೆ ರಕ್ತನಾಳವನ್ನೂ ಸೇರಿಸಿಕೊಂಡಿದ್ದಾರೆ.

ನಿಜವಾಗಿ ಕಗ್ಗಂಟಾಗಿರುವುದು 'ಸ್ನಾಯು'. ಆಯುರ್ವೇದದ ಹಳೆಯ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ, ದೇಹರಚನೆ ಹೇಳುವ ಶಾರೀರ ಸ್ಥಾನದಲ್ಲಿ, ಸ್ನಾಯು 900, ಪೇಶಿ 500 ಎಂಬ ಲೆಕ್ಕವಿದೆ. ಅಲ್ಲಿ ಮಾಂಸಖಂಡಕ್ಕೆ ಪೇಶಿ ಎಂದು ಹೆಸರು, ಸ್ನಾಯು ಎಂದರೆ ಕಟ್ಟು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿ ನೀರಿನ ಮೇಲೆ ಭಾರ ಹೊರುವಂತೆ, ಸ್ನಾಯುಗಳಿಂದ ಬಿಗಿದ ಸಂಧಿಗಳಿರುವ ದೇಹವೂ ಭಾರ ಹೊರುತ್ತದೆ ಎನ್ನುತ್ತಾನೆ ಸುಶ್ರುತ. ಇದು ಲಿಗಮೆಂಟಿನ ವರ್ಣನೆ ಎನ್ನದೆ ಬೇರೆ ದಾರಿಯಿಲ್ಲ. ಆ ಪದವನ್ನು ಕನ್ನಡದವರೂ ಮರಾಠಿಯವರೂ ಮಾಂಸಖಂಡಕ್ಕೆ ಕೊಟ್ಟುಬಿಟ್ಟೆವು, ಬಂಗಾಳಿಯವರು ನರಕ್ಕೆ ಕೊಟ್ಟರು. ಪೇಶಿ ಹಿಂದಿಯಲ್ಲಿ ಮಾಂಸಖಂಡವಾಗಿ ಉಳಿದರೆ ಮರಾಠಿಯಲ್ಲಿ ಜೀವಕೋಶವೇ ಆಗಿಹೋಯಿತು. ಪುಣೆಯಲ್ಲಿ ಓದಿ ಬಂದ ಆಯುರ್ವೇದ ವೈದ್ಯರೊಬ್ಬರು ನಮ್ಮ ಪಠ್ಯ ನೋಡಿದರೆ ಏನೆಂದಾರೋ! 'ಸ್ನಾಯುರಜ್ಜು' ಎಂಬುದನ್ನು ಅವರು ಹಳೆಯ ಅರ್ಥದಲ್ಲಿ ಬಿಡಿಸಿದರೆ ಹಗ್ಗದ ಹಗ್ಗ ಎಂದಾಗುತ್ತದೆ.

ನೂರಾರು ಪುಸ್ತಕಗಳಲ್ಲಿ ಸ್ನಾಯು ಎಂದರೆ ಮಾಂಸಖಂಡ ಎಂದು ಕೂತುಬಿಟ್ಟಿದೆ, ಅದನ್ನು ಈಗ ಕದಲಿಸುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಆದರೆ ಎರಡು ರಜ್ಜುಗಳಿಗೆ ಬಾಯಲ್ಲಿ ಹೊರಳುವ ಹೆಸರು ಬೇಕು. ಮಕ್ಕಳು ಅಸ್ಥಿರಜ್ಜುವನ್ನು 'ಅಸ್ಥಿರ ಜ್ಜು' ಎಂದು ಒಡೆದು ಓದುತ್ತಾರೆ, ಅದಕ್ಕೂ ಅಸ್ಥಿರಕ್ಕೂ ಗಂಟು ಹಾಕುತ್ತಾರೆ. ಕೆಲಸವೋ, ಕೀಲನ್ನು ಸ್ಥಿರವಾಗಿಡುವುದು! ಲಿಗಮೆಂಟಿಗೆ 'ಕೀಲುಕಟ್ಟು' ಎನ್ನಬಹುದೇ? ಟೆಂಡನ್ನಿಗೆ ನನಗೆ ಹೊಳೆದದ್ದು 'ಎಳೆನರ', ಆದರೆ ಎಳೆನೀರಿನ ಹಾಗೆ ಎಳೆಯದು ಎಂದು ಕೇಳಿಸುತ್ತದೆ, ಹಾಗಾಗಿ ಕೈಬಿಟ್ಟೆ. 'ಖಂಡದ ಹುರಿ' ಅರ್ಥಕ್ಕೆ ಸರಿ, ಕಿವಿಗೆ ಸ್ವಲ್ಪ ಒರಟು.

ಸಾಗರ, ಸೊರಬ, ಹೊಸನಗರ ಕಡೆಯವರಲ್ಲಿ ಒಂದು ಕೋರಿಕೆ. ಮೂಳೆ ಕಟ್ಟುವ ನಾಟಿ ವೈದ್ಯರು, ಮಾಂಸ ಕೊಯ್ಯುವವರು, ದನಕರುಗಳ ಕಾಲು ನೋಡುವವರು ಹಿಮ್ಮಡಿಯ ಮೇಲಿನ ಆ ಬಿಳಿ ಹುರಿಗೂ ಕೀಲಿನ ಪಟ್ಟಿಗೂ ಬೇರೆ ಬೇರೆ ಹೆಸರು ಬಳಸುತ್ತಾರೆಯೇ? ಇದ್ದರೆ ಯಾವ ಊರಿನ, ಯಾವ ಕಸುಬಿನವರ ಮಾತು ಎಂಬುದನ್ನೂ ಸೇರಿಸಿ ಬರೆಯಿರಿ.