ಸ್ಮಶಾನ ನೌಕಾನೆಲೆಯ ಒಳಗೆ, ಸ್ವಯಂಸೇವಕರು ಗೇಟಿನ ಹೊರಗೆ: ಬಿಡಬೇಕೋ ಬೇಡವೋ?

ವಸುಧಾ:
ಫ್ಲೋರಿಡಾದ ಪೆನ್ಸಕೋಲಾ ನೌಕಾ ವಾಯುನೆಲೆಯ ಬೇಲಿಯೊಳಗೇ ಬಾರಾಂಕಾಸ್ ರಾಷ್ಟ್ರೀಯ ಸ್ಮಶಾನ ಇದೆ. ಸ್ಮಶಾನ ಮಾಜಿ ಸೈನಿಕರ ಇಲಾಖೆಯದು, ಗೇಟು ನೌಕಾಪಡೆಯದು. 2019ರ ಡಿಸೆಂಬರ್ 6ರಂದು ನೆಲೆಯಲ್ಲಿ ಗುಂಡಿನ ದಾಳಿಯಾಗಿ ಮೂವರು ನಾವಿಕರು ಸತ್ತ ಮೇಲೆ ಸಾರ್ವಜನಿಕರ ಪ್ರವೇಶ ನಿಂತಿತು. ಮತ್ತೆ ಬಾಗಿಲು ತೆರೆದದ್ದು 2023ರಲ್ಲಿ. ಡಿಸೆಂಬರ್‌ನಲ್ಲಿ ಸಮಾಧಿಗಳಿಗೆ ಹಸಿರು ಹಾರ ಇಡಲು ಬರುವ ಸ್ವಯಂಸೇವಕರನ್ನು ಇಂಥ ನೆಲೆಗಳಿಗೆ ಬಿಡುವುದೇ ತಪ್ಪು ಎನ್ನುವ ಮಾತು ಆಗಾಗ ಕೇಳುತ್ತದೆ. ನನಗೆ ಒಪ್ಪಿಗೆಯಿಲ್ಲ. ಆ ದಾಳಿಕೋರ ಸೌದಿ ವಾಯುಪಡೆಯವನು, ಅಲ್ಲೇ ತರಬೇತಿಯಲ್ಲಿದ್ದವನು. 2009ರಲ್ಲಿ ಫೋರ್ಟ್ ಹುಡ್‌ನಲ್ಲಿ 13 ಜನರನ್ನು ಕೊಂದವನು ಸೇನೆಯದೇ ಮೇಜರ್. 2013ರಲ್ಲಿ ವಾಷಿಂಗ್ಟನ್ ನೇವಿ ಯಾರ್ಡ್‌ನಲ್ಲಿ 12 ಜನರನ್ನು ಕೊಂದವನು ಬ್ಯಾಡ್ಜ್ ಇದ್ದ ಗುತ್ತಿಗೆ ನೌಕರ. ಮೂವರ ಜೇಬಿನಲ್ಲೂ ಅಸಲಿ ಗುರುತಿನ ಚೀಟಿ ಇತ್ತು. ಹಾರ ಹಿಡಿದು ಬಂದವರನ್ನು ತಡೆದಿದ್ದರೆ ಇವುಗಳಲ್ಲಿ ಯಾವುದು ತಪ್ಪುತ್ತಿತ್ತು?

ಗಿರಿ:
ಮೇಡಂ, ನಿಮ್ಮ ಪಟ್ಟಿಯಲ್ಲಿ ಒಂದು ಬಿಟ್ಟುಹೋಗಿದೆ. 2020ರ ಮೇ 21, ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ನೌಕಾ ವಾಯುನೆಲೆ. ಅಲ್ಲಿ ದಾಳಿ ಆದದ್ದು ಗೇಟಿನಲ್ಲೇ. ಕಾವಲಿನ ನಾವಿಕಳಿಗೆ ಗುಂಡು ತಗುಲಿತು, ರಕ್ಷಾಕವಚ ಜೀವ ಉಳಿಸಿತು. ಬಿದ್ದಲ್ಲಿಂದಲೇ ಆಕೆ ಸ್ವಿಚ್ ಒತ್ತಿ ಕೊನೆಯ ತಡೆಗೋಡೆ ಎಬ್ಬಿಸಿದ್ದರಿಂದ ಕಾರು ಒಳಗೆ ಹೋಗಲಿಲ್ಲ. ಆ ಸ್ವಿಚ್ ಕೆಲಸಕ್ಕೆ ಬರುವುದು ಕಾವಲುಗಾರರ ಗಮನ ಅಲ್ಲೇ ಇದ್ದಾಗ.

ಸ್ವಯಂಸೇವಕ ಬಂದೂಕು ತರುತ್ತಾನೆ ಎಂಬುದು ಗೇಟಿನವರ ಮುಖ್ಯ ಚಿಂತೆಯಲ್ಲ. ಒಂದೇ ಶನಿವಾರ ಬೆಳಿಗ್ಗೆ ನೂರಾರು ಕಾರು ಒಟ್ಟಿಗೆ ಬರುತ್ತವೆ. ಅರ್ಧದಷ್ಟು ಜನಕ್ಕೆ ಪಾಸಿಲ್ಲ. ಸಾಲು ಹೆದ್ದಾರಿಗೆ ಮುಟ್ಟುತ್ತದೆ, ನಿಂತ ಸಾಲೇ ಒಂದು ಗುರಿಯಾಗುತ್ತದೆ. ವಾಪಸ್ ಕಳಿಸಬೇಕಾದ ಕಾರು ತಿರುಗಲು ಜಾಗವಿಲ್ಲದೆ ಲೇನ್ ಕಟ್ಟಿ ನಿಲ್ಲುತ್ತದೆ. ಹಿಂದಿನವರು ಹಾರ್ನ್ ಬಾರಿಸುತ್ತಾರೆ, ಕಾವಲುಗಾರ ಚೀಟಿಯನ್ನು ಸರಿಯಾಗಿ ನೋಡದೆ ಬಿಡತೊಡಗುತ್ತಾನೆ. ಭದ್ರತೆ ಸಡಿಲವಾಗುವುದು ಹೀಗೆ.

ಮಂಜುನಾಥ್ ಎಸ್:
ಗಿರಿ ಅವರೆ, ನೀವು ಹೇಳಿದ್ದೆಲ್ಲ ಸರಿ, ಆದರೆ ಅದು ಏರ್ಪಾಡಿನ ದೋಷ. ಗೇಟು ಮುಚ್ಚುವುದಕ್ಕೆ ಅದು ಕಾರಣವಾಗದು. ಜನರನ್ನು ಕಾರುಗಳಲ್ಲಿ ಬಿಡಲೇಬೇಡಿ. ನೆಲೆಯ ಹೊರಗೆ ಒಂದು ಪಾರ್ಕಿಂಗ್ ಜಾಗ ಹಿಡಿದು ಅಲ್ಲಿಂದ ಬಸ್ಸಿನಲ್ಲಿ ಕರೆದೊಯ್ಯಿರಿ. 50 ಜನರ ಬಸ್ಸಿಗೆ ಒಂದೇ ಹೆಸರಿನ ಪಟ್ಟಿ; ಕಾವಲುಗಾರ ಹತ್ತಿ ಸೀಟಿನಿಂದ ಸೀಟಿಗೆ ಚೀಟಿ ನೋಡಿಕೊಂಡು ಬರುತ್ತಾನೆ. 50 ಕಾರು ನೋಡುವುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಪಟ್ಟಿ ಕೊಟ್ಟ ಮೇಲೆ 'ನನ್ನ ಭಾವಮೈದುನನೂ ಬರ್ತಾನೆ' ಅಂದವರನ್ನು ಮುಲಾಜಿಲ್ಲದೆ ಕೆಳಗಿಳಿಸಬೇಕು, ಏಕೆಂದರೆ ಒಂದು ಹೆಸರು ತಾಳೆಯಾಗದಿದ್ದರೆ ಇಡೀ ಬಸ್ಸು ನಿಲ್ಲುತ್ತದೆ.

ಹಾರದ ಲಾರಿಯನ್ನು ಜನರ ಗೇಟಿಗೆ ತರಬೇಡಿ. ಸರಕು ವಾಹನದ ತಪಾಸಣೆಗೆ ಬೇರೆ ಜಾಗ, ಬೇರೆ ಹೊತ್ತು ಇರುತ್ತದೆ. ಚಾಲಕನ ಹೆಸರು, ಲಾರಿ ನಂಬರು, ಸರಕಿನ ಪಟ್ಟಿ ಮೊದಲೇ ಹೋಗಿರಬೇಕು. ಚಾಲಕ ಕೊನೆಗಳಿಗೆಯಲ್ಲಿ ಬದಲಾದರೆ ಲಾರಿ ಹೊರಗೆ, ಜನ ಒಳಗೆ. ಆದ್ದರಿಂದ ಸರಕು ಹಿಂದಿನ ದಿನವೇ ಸ್ಮಶಾನ ಸೇರಲಿ.

ನಾಗವೇಣಿ:
ಪಟ್ಟಿ ಎಂದಿರಲ್ಲ, ಅಲ್ಲೇ ಇನ್ನೊಂದು ಅಪಾಯ ಇದೆ. ನೌಕಾಪಡೆಯ ಪ್ರವೇಶ ಪಾಸಿನ ಫಾರಂ 'ಸೆಕ್‌ನ್ಯಾವ್ 5512/1'ರಲ್ಲಿ ಹುಟ್ಟಿದ ದಿನಾಂಕ, ಗುರುತಿನ ಚೀಟಿಯ ನಂಬರು ಎಲ್ಲ ತುಂಬಬೇಕು. ಸಂಘಟಕರು ನೂರು ಜನರ ಈ ಮಾಹಿತಿಯನ್ನು ಒಂದು ಎಕ್ಸೆಲ್ ಹಾಳೆಗೆ ಹಾಕಿ ಮಾಮೂಲಿ ಇಮೇಲಿನಲ್ಲಿ ಕಳಿಸುತ್ತಾರೆ, ಅದು ಹತ್ತು ಜನರ ಇನ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಸಂಘಟಕರ ಹತ್ತಿರ ಹೆಸರು, ಬಸ್ ನಂಬರು ಇದ್ದರೆ ಸಾಕು. ಫಾರಂ ಅನ್ನು ಪ್ರತಿಯೊಬ್ಬರೂ ನೇರವಾಗಿ ನೆಲೆಯ ಪಾಸ್ ಕಚೇರಿಗೇ ಕೊಡಲಿ. ಆ ಕಚೇರಿ ಶನಿವಾರ ತೆರೆದಿರುತ್ತದೆ ಎಂದು ನಂಬಿ ಕೂರಬೇಡಿ, ವಾರದ ದಿನಗಳಲ್ಲೇ ಮುಗಿಸಿ.

ಗುರುತಿನ ಚೀಟಿಯ ವಿಷಯ: ಮೂಲೆಯಲ್ಲಿ ನಕ್ಷತ್ರದ ಗುರುತಿರುವ ರಿಯಲ್ ಐಡಿ ಲೈಸೆನ್ಸ್, ಇಲ್ಲವೇ ಪಾಸ್‌ಪೋರ್ಟ್. ಅವಧಿ ಮುಗಿದದ್ದು ನಡೆಯದು, ಫೋನಿನಲ್ಲಿರುವ ಫೋಟೋ ಅಂತೂ ಇಲ್ಲವೇ ಇಲ್ಲ. ಅಮೆರಿಕದ ಪೌರತ್ವ ಇಲ್ಲದವರ ಪರಿಶೀಲನೆಗೆ ಹೆಚ್ಚು ದಿನ ಹಿಡಿಯುತ್ತದೆ. ಅಂಥವರು ಗುಂಪಿನಲ್ಲಿದ್ದರೆ ಆರಂಭದಲ್ಲೇ ಹೇಳಿ. ಅಪರಾಧ ದಾಖಲೆಯ ತಪಾಸಣೆಯಲ್ಲಿ ಹಳೆಯ ವಾರಂಟ್ ಸಿಕ್ಕರೆ ಪಾಸು ಸಿಗದಿರುವುದಷ್ಟೇ ಅಲ್ಲ, ಅಲ್ಲೇ ಹಿಡಿದುಕೊಳ್ಳಲೂಬಹುದು.

ಗಿರಿ:
ಇದಕ್ಕೆ ಎರಡು ಸೇರಿಸುತ್ತೇನೆ. ಫ್ಲೋರಿಡಾದಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವವರು ಬಹಳ. ರಾಜ್ಯದ ಪರವಾನಗಿಗೆ ನೆಲೆಯೊಳಗೆ ಬೆಲೆಯಿಲ್ಲ. ವೈದ್ಯರ ಚೀಟಿಯ ಗಾಂಜಾಕ್ಕೂ ಅದೇ ಮಾತು, ರಾಜ್ಯದಲ್ಲಿ ಸಕ್ರಮ, ನೆಲೆಯಲ್ಲಿ ಅಕ್ರಮ. ಜನ ಮರೆತು ತರುತ್ತಾರೆ. ಬಸ್ಸಿನ ಏರ್ಪಾಡಿನಲ್ಲಿ ಇದೂ ತಪ್ಪುತ್ತದೆ ಎಂದು ಒಪ್ಪುತ್ತೇನೆ, ಚೀಲ ಮಾತ್ರ ನೋಡಿದರೆ ಸಾಕು.

ಆದರೂ ಒಂದು ಗೊತ್ತಿರಲಿ. ಎಚ್ಚರಿಕೆಯ ಮಟ್ಟ ಆಲ್ಫಾ, ಬ್ರಾವೋದಿಂದ ಚಾರ್ಲಿಗೆ ಏರಿದರೆ ಕಾರ್ಯಕ್ರಮ ರದ್ದಾಯಿತೆಂದೇ ತಿಳಿಯಿರಿ. ನೆಲೆಯ ಕಮಾಂಡರ್ ಕಾರಣವನ್ನೂ ಹೇಳಬೇಕಾಗಿಲ್ಲ. ಒಳಗೆ ಪಾಸು ಇರುವವರದೇ ಒಂದು ಸಣ್ಣ ತಂಡವನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದರೆ ಹಾರ ಲಾರಿಯಲ್ಲೇ ಒಣಗುವುದಿಲ್ಲ.

ಶ್ರೀಧರ ಭಟ್:
ಸ್ವಯಂಸೇವಕರನ್ನು ಬಿಡಿ ಸಾರ್, ಮಾಜಿ ಸೈನಿಕರೇ ಗೇಟಿನಲ್ಲಿ ನಿಲ್ಲಬೇಕಾಗುತ್ತದೆ. ಗೌರವಯುತವಾಗಿ ಸೇವೆಯಿಂದ ಬಿಡುಗಡೆಯಾದ ಎಲ್ಲರಿಗೂ ನೆಲೆಯ ಪ್ರವೇಶ ಇದೆ ಎಂಬ ನಂಬಿಕೆ ತಪ್ಪು. 2020ರ ಜನವರಿ 1ರಿಂದ ಸೇವೆಯಲ್ಲಿ ಅಂಗವಿಕಲರಾದವರು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಪಡೆದವರು, ಯುದ್ಧಕೈದಿಗಳಾಗಿದ್ದವರು ಮಾಜಿ ಸೈನಿಕರ ಆರೋಗ್ಯ ಕಾರ್ಡ್ ತೋರಿಸಿ ನೆಲೆಯ ಅಂಗಡಿಗಳಿಗೆ ಹೋಗಬಹುದು. ಉಳಿದವರಲ್ಲಿ ನಾಲ್ಕು ವರ್ಷ ಸೇವೆ ಮಾಡಿ ಬಿಟ್ಟವರು ಬಹಳ ಜನ, ಅವರು ಸಾಮಾನ್ಯ ಸಂದರ್ಶಕರ ಸಾಲಿನಲ್ಲೇ ನಿಲ್ಲಬೇಕು. 80 ದಾಟಿದವರನ್ನು ಗೌರವಿಸಲು ಕರೆದು ಪಾಸ್ ಕಚೇರಿಯ ಮುಂದೆ ನಿಲ್ಲಿಸಿದರೆ ಅದೆಂಥ ಗೌರವ? ಆಹ್ವಾನ ಪತ್ರಿಕೆಯ ಜೊತೆಗೇ ಫಾರಂ ಹೋಗಲಿ.

ಕಿರಣ್:
ಇಷ್ಟೆಲ್ಲ ಪಾಡು ಒಂದು ಹಾರಕ್ಕೆ! ಅದೇ ಜನ, ಅದೇ ಗಂಟೆಗಳನ್ನು ಬದುಕಿರುವವರಿಗೆ ಕೊಡಬಾರದೇಕೆ? ಅಂಗವಿಕಲ ಮಾಜಿ ಸೈನಿಕರ ಸಂಸ್ಥೆಯಾದ ಡಿಎವಿಯ ವ್ಯಾನುಗಳಿಗೆ ಚಾಲಕರು ಬೇಕು. ಮಾಜಿ ಸೈನಿಕರನ್ನು ಮನೆಯಿಂದ ಇಲಾಖೆಯ ಆಸ್ಪತ್ರೆಗೆ, ಅಲ್ಲಿಂದ ಮನೆಗೆ ಬಿಡುವ ಕೆಲಸ. ಚಾಲಕನ ಹಿನ್ನೆಲೆ ಪರಿಶೀಲನೆಯೂ ಆರೋಗ್ಯ ತಪಾಸಣೆಯೂ ಒಮ್ಮೆ ಮುಗಿದರೆ ಆಯಿತು, ವರ್ಷವಿಡೀ ಉಪಯೋಗ. ಗಾಲಿಕುರ್ಚಿ ಏರಿಸುವ ಸೌಲಭ್ಯ ಸಾಮಾನ್ಯವಾಗಿ ಅವುಗಳಲ್ಲಿ ಇರುವುದಿಲ್ಲ, ನಡೆಯಬಲ್ಲವರಿಗೆ ಮಾತ್ರ ಎಂಬುದನ್ನು ಬುಕ್ ಮಾಡುವಾಗಲೇ ಕೇಳಿಕೊಳ್ಳಬೇಕು.

ವಸುಧಾ:
ಕಿರಣ್, ವ್ಯಾನು ಓಡಿಸುವವರು ಓಡಿಸಲಿ, ಬೇಡ ಎಂದವರಾರು? ಹಾರ ಇಡಲು ಬರುವ ಶಾಲಾ ಮಕ್ಕಳಿಗೆ ವ್ಯಾನು ಕೊಡಲಾಗುವುದಿಲ್ಲವಲ್ಲ. ಆದರೆ ಹಾರದ ಕೆಲಸವನ್ನೂ ಬೇಕಾಬಿಟ್ಟಿ ಮಾಡುವವರಿದ್ದಾರೆ, ಅದು ನಿಜ. ಬಾಲ್ಸಮ್ ಫರ್ ಮರದ ಸೊಪ್ಪಿನ ಹಾರದ ಕೆಂಪು ಗಂಟು ಮೇಲೆ ಬರುವಂತೆ ಕಲ್ಲಿಗೆ ಒರಗಿಸಿ, ಕೆತ್ತಿದ ಹೆಸರನ್ನು ಗಟ್ಟಿಯಾಗಿ ಓದಿ ಮುಂದೆ ಹೋಗಬೇಕು. ಯಹೂದಿಗಳ ಗುರುತಾದ ದಾವೀದನ ನಕ್ಷತ್ರ ಇರುವ ಕಲ್ಲಿಗೆ, ಮನೆಯವರು ಕೇಳದ ಹೊರತು, ಹಾರ ಇಡಬಾರದು. ಹೆಸರು ಓದಿ ನಮಿಸಿದರೆ ಸಾಕು. ಇದನ್ನು ಬಸ್ಸಿನಲ್ಲೇ ಹೇಳಿಬಿಡಬೇಕು, ಸಮಾಧಿಗಳ ಸಾಲಿಗೆ ಬಿಟ್ಟ ಮೇಲೆ ಯಾರೂ ಕೇಳುವುದಿಲ್ಲ.

ಮಂಜುನಾಥ್ ಎಸ್:
ಉತ್ಸಾಹದಲ್ಲಿ ಕಲ್ಲು ತೊಳೆಯಲು ಇಳಿಯುವವರೂ ಇದ್ದಾರೆ. ಸ್ಮಶಾನದ ನಿರ್ದೇಶಕರ ಅನುಮತಿ ಇಲ್ಲದೆ ಮುಟ್ಟಬೇಡಿ. ಅಮೃತಶಿಲೆಗೆ ಬ್ಲೀಚ್ ಹಾಕಿದರೆ ಅವತ್ತು ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ರಂಧ್ರಗಳಲ್ಲಿ ಉಳಿದ ಲವಣ ಹರಳುಗಟ್ಟಿ ಮೈ ಸಕ್ಕರೆಯಂತೆ ಉದುರುತ್ತದೆ. ಮೊದಲು ನೀರಿನಲ್ಲಿ ಚೆನ್ನಾಗಿ ನೆನೆಸಿ, ಕಲ್ಲಿನ ಪಾಚಿ ತೆಗೆಯುವ ಡಿ/2 ದ್ರಾವಣ ಹಾಕಿ, ಮೆತ್ತನೆಯ ಬ್ರಷ್‌ನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಕಟ್ಟುತ್ತದೆ. ತಂತಿ ಬ್ರಷ್ ಬೇಡವೇ ಬೇಡ.

ಗಿರಿ:
ಫೋಟೋ ವಿಷಯ ಯಾರೂ ಎತ್ತಲಿಲ್ಲ. ಸಮಾಧಿ, ಹಾರ, ಮಕ್ಕಳ ಫೋಟೋ ತೆಗೆಯಿರಿ. ಗೇಟು, ತಡೆಗೋಡೆ, ಕಾವಲುಗಾರನ ಕುತ್ತಿಗೆಯಲ್ಲಿರುವ ಕಾರ್ಡು ಚಿತ್ರದಲ್ಲಿ ಬರಬಾರದು. ಡ್ರೋನ್ ತರಲೇಬಾರದು. ಓಟದ ಆ್ಯಪ್‌ಗಳನ್ನೂ ಬಂದ್ ಮಾಡಿಸಿ. ಸ್ಟ್ರಾವಾದ ನಕ್ಷೆಯಲ್ಲಿ ಸೇನಾನೆಲೆಗಳ ಒಳದಾರಿಗಳು ಮೂಡಿದ್ದು 2018ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದನ್ನು ಮಾಡಿದ್ದು ಶತ್ರುಗಳಲ್ಲ, ವ್ಯಾಯಾಮ ಮಾಡುತ್ತಿದ್ದ ಸೈನಿಕರೇ.

ನಾಗವೇಣಿ:
ಕೊನೆಗೊಂದು ಪ್ರಶ್ನೆ, ಸಂಘಟಕರು ಯಾರಾದರೂ ಇದ್ದರೆ. ಇಡಲು ಸಾವಿರ ಜನ ಬರುತ್ತಾರೆ, ಜನವರಿಯಲ್ಲಿ ತೆಗೆಯಲು ಎಷ್ಟು ಜನ? ಹಾರದ ಒಳಗೆ ತಂತಿಯ ಬಳೆ ಇದೆ, ಬಿಟ್ಟರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ತೆಗೆಯುವ ದಿನಕ್ಕೂ ಪಾಸು ಬೇಕು, ಬಸ್ಸು ಬೇಕು, ಲಾರಿ ಬೇಕು. ಡಿಸೆಂಬರಿನ ಅರ್ಜಿಯಲ್ಲೇ ಎರಡೂ ದಿನ ಬರೆದು ಕೊಟ್ಟವರಿಗೆ ಮಾತ್ರ ಅನುಮತಿ ಎಂದರೆ ಗಿರಿ ಅವರ ಗೇಟಿನ ಮುಂದೆ ಸಾಲೂ ತಾನಾಗಿ ಚಿಕ್ಕದಾಗುತ್ತದೆ.