ಕಿಮೋ ಕೊಡುವಾಗ ಬಾಯಿಹುಣ್ಣು ಬಾರದಿರಲು ಐಸಾ, ಜೇನಾ?

ಸೋಮವಾರಪೇಟೆ ಮಗಳು: ಅಮ್ಮನಿಗೆ ಸ್ತನ ಕ್ಯಾನ್ಸರ್. ಮುಂದಿನ ವಾರ ಮೈಸೂರಿನಲ್ಲಿ ಕಿಮೋ ಶುರು. ಚೀಟಿಯಲ್ಲಿ ಫೈವ್ ಎಫ್‌ಯು ಅಂತ ಒಂದು ಔಷಧಿ ಇದೆ. ಅದನ್ನು ಕೊಡುವಾಗ ಬಾಯಲ್ಲಿ ಐಸ್ ಇಟ್ಟುಕೊಂಡರೆ ಹುಣ್ಣು ಕಡಿಮೆ ಅಂತ ಸಿಸ್ಟರ್ ಹೇಳಿದರು. ಈ ಮಳೆಗೆ ಐಸಾ ಅಂತ ದೊಡ್ಡಮ್ಮ ಬೈಯುತ್ತಿದ್ದಾರೆ. ಜೇನು ಸವರಿದರೆ ಸಾಕಂತೆ. ಯಾರ ಮಾತು ಕೇಳಲಿ?

ತೋಟದಮನೆ: ದೊಡ್ಡಮ್ಮ ಹೇಳಿದ್ದೇ ಸರಿ ತಂಗಿ. ನಮ್ಮ ಕಾಡುಜೇನು ಇರುವಾಗ, ಮೊದಲೇ ಸುಸ್ತಾದವರಿಗೆ ಐಸ್ ಕೊಟ್ಟು ನೆಗಡಿ ಯಾಕೆ ತರಿಸಬೇಕು?

ಕುಶಾಲನಗರ ನರ್ಸ್: ನೆಗಡಿ ಬರುವುದು ವೈರಸ್‌ನಿಂದ ಅಣ್ಣ, ಐಸ್‌ನಿಂದ ಅಲ್ಲ. ಬೇಗ ಬೇಗ ಬೆಳೆಯುವ ಜೀವಕೋಶಗಳನ್ನು ಕಿಮೋ ಹೊಡೆಯುತ್ತದೆ, ಬಾಯಿಯ ಒಳಪದರವೂ ಹಾಗೆ ಬೆಳೆಯುವಂಥದ್ದೇ, ಅದಕ್ಕೇ ಹುಣ್ಣು. ಬಾಯಿ ತಣ್ಣಗಾದಾಗ ಅಲ್ಲಿನ ರಕ್ತನಾಳ ಕಿರಿದಾಗಿ ಔಷಧಿ ಅಲ್ಲಿಗೆ ಕಡಿಮೆ ಹೋಗುತ್ತದೆ. ಫೈವ್ ಎಫ್‌ಯು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಹಾಗಾಗಿ ಇಂಜೆಕ್ಷನ್‌ಗೆ 5 ನಿಮಿಷ ಮೊದಲು ಶುರು ಮಾಡಿ, ಒಟ್ಟು 30 ನಿಮಿಷ ಐಸ್ ಚೂರನ್ನು ಬಾಯಲ್ಲಿ ಆಡಿಸಬೇಕು.

ವಿರಾಜಪೇಟೆಯಿಂದ: ಎಲ್ಲರಿಗೂ ಇದನ್ನೇ ಹೇಳಬೇಡಿ ಸಿಸ್ಟರ್. ನಮ್ಮ ಅಪ್ಪನಿಗೆ ಕರುಳಿನ ಕ್ಯಾನ್ಸರ್‌ಗೆ ಆಕ್ಸಾಲಿಪ್ಲಾಟಿನ್ ಕೊಡುತ್ತಿದ್ದರು. ತಣ್ಣೀರು ಕುಡಿದರೆ ಸಾಕು, ಗಂಟಲು ಹಿಡಿದುಕೊಂಡು ಉಸಿರೇ ಕಟ್ಟಿದ ಹಾಗೆ ಆಗುತ್ತಿತ್ತು.

ಕುಶಾಲನಗರ ನರ್ಸ್: ಹೌದು, ಆಕ್ಸಾಲಿಪ್ಲಾಟಿನ್ ಇದ್ದರೆ ಐಸ್ ಬೇಡ. ಫೈವ್ ಎಫ್‌ಯುವನ್ನೇ ಪಂಪ್‌ನಲ್ಲಿ ಎರಡು ದಿನ ನಿಧಾನವಾಗಿ ಬಿಟ್ಟರೂ ಅರ್ಧ ಗಂಟೆಯ ಐಸ್‌ನಿಂದ ಲಾಭ ಇಲ್ಲ. ಜೊತೆಗೆ ಯಾವ ಔಷಧಿ ಇದೆ, ಹೇಗೆ ಕೊಡುತ್ತಾರೆ ಅಂತ ಡಾಕ್ಟರನ್ನು ಮೊದಲೇ ಕೇಳಿ ತಂಗಿ.

ತೋಟದಮನೆ: ಐಸ್ ವಿಷಯ ಒಪ್ಪಿದೆ. ಆದರೆ ಜೇನನ್ನು ಸುಮ್ನೆ ತಳ್ಳಿಹಾಕಬೇಡಿ. ಹೊರದೇಶದ ಡಾಕ್ಟರುಗಳೂ ಒಪ್ಪಿದ್ದಾರೆ ಅಂತ ಓದಿದ್ದೇನೆ.

ಕುಶಾಲನಗರ ನರ್ಸ್: ಒಪ್ಪಿದ್ದು ನಿಜ. 2020ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಜೇನಿನ ಹೆಸರಿದೆ, ಆದರೆ ಅದು ತಲೆ-ಕುತ್ತಿಗೆಯ ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಳ್ಳುವವರಿಗೆ. ಈ ಅಮ್ಮನದು ಬೇರೆ ಚಿಕಿತ್ಸೆ ಅಲ್ವಾ? ಕಿಮೋದಿಂದ ಬಿಳಿ ರಕ್ತಕಣ ಇಳಿದು ಸೋಂಕು ಬೇಗ ತಗಲುವ ಹೊತ್ತಿನಲ್ಲಿ ಕಾಡಿನಿಂದ ತಂದ ಹಸಿ ಜೇನನ್ನು ಡಾಕ್ಟರನ್ನು ಕೇಳದೆ ಕೊಡಲೇಬಾರದು.

ಪೊನ್ನಂಪೇಟೆ ಅಕ್ಕ: ನನಗೂ ಕಿಮೋ ಆಗಿದೆ. ಐಸ್, ಜೇನು ಅಂತ ಜಗಳ ಆಡುತ್ತಾ ದಿನಾ ಬಾಯಿ ತೊಳೆಯುವುದನ್ನೇ ಮರೆತಿದ್ದೀರಿ. ಒಂದು ಲೋಟ ಉಗುರುಬೆಚ್ಚಗಿನ ನೀರು, ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ಊಟ ಆದ ಮೇಲೆಲ್ಲ ಮುಕ್ಕಳಿಸಬೇಕು. ಬ್ರಷ್ ಮೆತ್ತಗಿರಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ, ಬೇಡ. ಬಾಯಿ ಉರಿಯುವಾಗ ನಮ್ಮ ಕಾಚಂಪುಳಿಯ ಹುಳಿ ಹಾಕಿದ ಸಾರು, ಕಿತ್ತಳೆ, ಖಾರ ಯಾವುದೂ ಬೇಡ. ನನಗೆ ನೂಪುಟ್ಟನ್ನು, ಅಂದರೆ ಅಕ್ಕಿ ಶ್ಯಾವಿಗೆಯನ್ನು, ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದರು, ಅದೊಂದೇ ಗಂಟಲಿನಿಂದ ಇಳಿಯುತ್ತಿತ್ತು. ಅಮ್ಮ ಎಲೆಅಡಿಕೆ ಹಾಕುತ್ತಾರಾ?

ಸೋಮವಾರಪೇಟೆ ಮಗಳು: ಹಾಕುತ್ತಾರೆ ಅಕ್ಕ. ಕೆಳಗಿನ ಒಂದು ಹಲ್ಲೂ ಹುಳುಕಾಗಿದೆ.

ಪೊನ್ನಂಪೇಟೆ ಅಕ್ಕ: ಎಲೆಅಡಿಕೆ ಇವತ್ತೇ ಬಿಡಿಸು. ಹಲ್ಲನ್ನು ಕಿಮೋಗೆ ಮೊದಲೇ ತೋರಿಸು, ಆಮೇಲೆ ಕೀಳಿಸುವುದು ಕಷ್ಟ.

ಕುಶಾಲನಗರ ನರ್ಸ್: ಹಲ್ಲಿನ ಡಾಕ್ಟರಿಗೆ ಕಿಮೋ ತಾರೀಕನ್ನೂ ಹೇಳಿ. ಹುಣ್ಣು ಸಾಮಾನ್ಯವಾಗಿ ಔಷಧಿ ಕೊಟ್ಟು ಒಂದು ವಾರದ ಆಸುಪಾಸಿನಲ್ಲಿ ಏಳುತ್ತದೆ, ಆ ದಿನಗಳಲ್ಲಿ ದಿನಾ ಬಾಯಿ ನೋಡಿ. ಜ್ವರ 100.4 ಮುಟ್ಟಿದರೆ ಮಳೆ, ರಾತ್ರಿ, ಘಾಟಿ ಅಂತ ಬೆಳಗಿನವರೆಗೆ ಕಾಯಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ.

ತೋಟದಮನೆ: ರಾತ್ರಿ ಗಾಡಿ ಬೇಕಾದರೆ ಇಲ್ಲೇ ಹೇಳು ತಂಗಿ, ನಾನು ಮಾದಾಪುರದಲ್ಲೇ ಇದ್ದೇನೆ.